ಕೇಳಿದವರ ಋಣ

ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಊರುಗಳಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬಿಳಿ ಕೋಟು ತೊಟ್ಟು ಗಾಜಿನ ನಳಿಕೆ ಹಿಡಿದ ಗಂಡಸೊಬ್ಬ ಬಂದು ನಿಲ್ಲುತ್ತಾನೆ. ಈಚೆಗೆ ಅವನ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಹುಡುಗನೊಬ್ಬನಿಗೂ ಜಾಗ ಸಿಕ್ಕಿದೆ. ಅರ್ಥಶಾಸ್ತ್ರದಲ್ಲಿ ಸಂಶೋಧನೆ ಎಂದರೆ, 'ಬ್ಯಾಂಕಿನ ಲೆಕ್ಕವೇ?' ಎಂದು ಕೇಳುತ್ತಾರೆ. ಜಾನಪದದಲ್ಲಿ ಎಂದರೆ ಸುಮ್ಮನೆ ನಗುತ್ತಾರೆ. ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿರುವ ನನಗೆ ಈ ನಗು ಹೊಸದಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ತೊಂಬತ್ತು ಬಂದವರು ಸೈನ್ಸಿಗೆ, ಎಪ್ಪತ್ತು ಬಂದವರು ಕಾಮರ್ಸಿಗೆ, ಉಳಿದವರು ಆರ್ಟ್ಸಿಗೆ ಎಂದು ತಂದೆತಾಯಿಗಳೇ ಹಂಚಿಬಿಡುತ್ತಾರೆ. ವಿದ್ಯೆಗೂ ಮೇಲು ಕೀಳಿನ ಪಂಕ್ತಿ!

ಕಳೆದ ಬೇಸಿಗೆಯಲ್ಲಿ ಹೊನ್ನಾವರದ ಕಡೆಯ ಒಂದು ಮದುವೆಮನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದ್ದಳು. ಗದ್ದೆ ನೆಟ್ಟಿಯ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಊಟಕ್ಕೆ ಕುಳಿತಾಗ ಪಕ್ಕದ ಅಜ್ಜಿಯೊಬ್ಬರು ಅವಳ ಬೆನ್ನು ಸವರಿ, "ಹಾಡು ಬರ್ಕೊಂಡು ಎಂತ ಆಗ್ತದೆ ಮಗಾ? ನಿನ್ನ ಅಣ್ಣನ ಹಾಗೆ ಇಂಜಿನಿಯರಿಂಗ್ ಮಾಡಬಹುದಿತ್ತಲ್ಲ" ಎಂದರು. ಹುಡುಗಿ ಪಾಯಸದ ಕಡೆ ಕಣ್ಣು ತಗ್ಗಿಸಿ ನಕ್ಕಳು. ಅಜ್ಜಿ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ದುಡಿದು ಬದುಕಿದವರು ಹಾಗೆಯೇ ಕೇಳುವುದು. ಆ ಪ್ರಶ್ನೆಗೆ ನಗುವಿಗಿಂತ ಒಳ್ಳೆಯ ಉತ್ತರ ಸಲ್ಲಬೇಕು ಎಂದು ನನಗೆ ಅನ್ನಿಸಿತು.

ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಹೊಳೆಗಳಲ್ಲೇ ಇದೆ. ಶಿರಸಿಯ ಕಡೆ ಹುಟ್ಟಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಅಘನಾಶಿನಿಯನ್ನು ನೋಡಿ. ಅಡ್ಡಲಾಗಿ ದೊಡ್ಡ ಅಣೆಕಟ್ಟಿಲ್ಲದ ಹೊಳೆ ಅದು. ನೀರು ಇಳಿದ ಹೊತ್ತಿನಲ್ಲಿ ಅಳಿವೆಯ ಕೆಸರಿಗೆ ಇಳಿದು ಬಳಚು ಆಯುವವರಲ್ಲಿ ಹೆಂಗಸರು ಬಹಳ. 2006ರ ಸುಮಾರಿಗೆ ಅದೇ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಇಂಜಿನಿಯರ್ ಆ ಜಾಗವನ್ನು ನೋಡಿದಾಗ ಅವನಿಗೆ ಕಾಣುವುದು ಸಮತಟ್ಟು ನೆಲ, ಹತ್ತಿರದ ಸಮುದ್ರ, ಯಂತ್ರ ತಂಪು ಮಾಡಲು ನೀರು. ಅದರಲ್ಲಿ ತಪ್ಪಿಲ್ಲ, ಅವನ ವಿದ್ಯೆ ಕೇಳುವ ಪ್ರಶ್ನೆಯೇ ಅದು. ಆದರೆ ಆ ಪ್ರಶ್ನೆಯೊಳಗೆ ಬಳಚಿನ ಬುಟ್ಟಿಗೆ ಜಾಗವಿಲ್ಲ.

ಅದೇ ಹೊಳೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರೂ ಬಂದರು. ಕುಮಟೆಯ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಶ್ಚಂದ್ರನ್ ಅವರೂ ಆ ಕೆಲಸದಲ್ಲಿದ್ದರು. ಯಾವ ಜಾತಿಯ ಚಿಪ್ಪೆಕಲ್ಲು ಎಲ್ಲಿ ಸಿಗುತ್ತದೆ, ಯಾರು ಆಯುತ್ತಾರೆ, ಯಾವ ಬೆಲೆಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಂಡರು. 2008ರಲ್ಲಿ ಬಂದ ಅವರ ವರದಿಯ ಪ್ರಕಾರ ಆ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಬಳಚು ಸಿಗುತ್ತಿತ್ತು. ಅದರ ಬೆಲೆ ಐದೂವರೆ ಕೋಟಿ ರೂಪಾಯಿಗೂ ಮಿಕ್ಕಿ. ಅದರಿಂದ ಜೀವನ ನಡೆಸುವವರು 2,300ಕ್ಕೂ ಹೆಚ್ಚು ಜನ. ಹೆಂಗಸರು ತಲೆಯ ಮೇಲೆ ಹೊತ್ತು ಮಾರುತ್ತಿದ್ದ ಬುಟ್ಟಿಗೆ ಸರಕಾರದ ಕಡತಗಳು ಓದಬಲ್ಲ ಭಾಷೆಯಲ್ಲಿ ಒಂದು ಹೆಸರು ಬಂತು. ಊರವರ ಹೋರಾಟ ಜೋರಾಗಿತ್ತು; ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೂ, ಎಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಸಾಲಿಗೂ ಸೇರಿತು.

ಇಲ್ಲಿ ಗೆದ್ದದ್ದು ಒಂದು ಶಾಸ್ತ್ರವಲ್ಲ. ಚಿಪ್ಪಿನ ಜಾತಿ ಗುರುತಿಸಲು ಜೀವಶಾಸ್ತ್ರ ಬೇಕಾಯಿತು, ಬೆಲೆ ಕಟ್ಟಲು ಅರ್ಥಶಾಸ್ತ್ರ ಬೇಕಾಯಿತು. ಎಲ್ಲಿ ಅಗೆದರೆ ಏನು ಸಿಗುತ್ತದೆ ಎಂದು ಹೇಳಲು ಕೆಸರಿನಲ್ಲಿ ನಿಂತವರೇ ಬೇಕಾದರು.

ಪಕ್ಕದ ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆ ಹೊಳೆಯ ವಿದ್ಯುತ್ತಿನಿಂದ ನಾಡಿನ ಮನೆಗಳಲ್ಲಿ ದೀಪ ಉರಿಯಿತು. ನಮ್ಮ ಮಕ್ಕಳು ಓದಿದ್ದೂ ಅದೇ ಬೆಳಕಿನಲ್ಲಿ. ಆದರೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಬಂದು ಹೊನ್ನಾವರದ ಅಳಿವೆಯಲ್ಲಿ ಉಪ್ಪಿನ ಅಂಶ ತಗ್ಗಿತು, ಉಪ್ಪನ್ನೇ ನಂಬಿದ ಬಳಚೂ ತಗ್ಗಿತು ಎಂದು ಅದೇ ಕೇಂದ್ರದ ಅಧ್ಯಯನಗಳು ಹೇಳುತ್ತವೆ. ದೀಪದ ಲಾಭ ಒಂದು ಇಲಾಖೆಯ ಪುಸ್ತಕದಲ್ಲಿದೆ, ಬಳಚಿನ ನಷ್ಟ ಇನ್ನೊಂದು ಶಾಸ್ತ್ರದ ಪುಸ್ತಕದಲ್ಲಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವವರಿಲ್ಲದಿದ್ದರೆ ಯಾರ ಪುಸ್ತಕ ದಪ್ಪವೋ ಅವರದೇ ನ್ಯಾಯವಾಗುತ್ತದೆ. ಸಂಶೋಧನೆಯಲ್ಲಿ ಬಗೆಬಗೆ ಇರಬೇಕು ಎನ್ನುವುದು ಪಂಡಿತರ ಚಪಲವಲ್ಲ. ಯಾವ ಶಾಸ್ತ್ರವೂ ವಿಚಾರಿಸದ ಮನುಷ್ಯ ಯಾವ ಲೆಕ್ಕದಲ್ಲೂ ಇರುವುದಿಲ್ಲ.

ಇದು ನಮ್ಮ ಅಡುಗೆಮನೆಗಂತೂ ಚೆನ್ನಾಗಿ ಗೊತ್ತಿರುವ ಮಾತು. 'ನಿಮ್ಮ ಮನೆಯವರು ಏನು ಮಾಡುತ್ತಾರೆ?' ಎಂದರೆ 'ಏನೂ ಇಲ್ಲ, ಮನೆಯಲ್ಲೇ ಇದ್ದಾರೆ' ಎಂಬ ಉತ್ತರ ಕೇಳಿ ಕೇಳಿ ನಮಗೂ ಅದೇ ನಿಜವೆನ್ನಿಸಿಬಿಟ್ಟಿದೆ. 2019ರಲ್ಲಿ ಕೇಂದ್ರ ಸರಕಾರ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷ ದುಡಿಯುತ್ತಾರೆ, ಗಂಡಸರು 97 ನಿಮಿಷ ಎಂದು ತಿಳಿಯಿತು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ನಮ್ಮದು ಹತ್ತು ನಿಮಿಷ ಇಳಿದರೆ ಅವರದೂ ಒಂಬತ್ತು ನಿಮಿಷ ಇಳಿದಿದೆ, ಗಮನಿಸಿ! ಹೆಂಗಸರ ದುಡಿಮೆಯ ಚರಿತ್ರೆಯನ್ನು ಹಳೆಯ ದಾಖಲೆಗಳಿಂದ ಅಗೆದು ತೆಗೆದ ಅಮೆರಿಕದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 'ಏನೂ ಇಲ್ಲ' ಎಂಬ ಎರಡು ಮಾತಿನ ಒಳಗೆ ಐದು ಗಂಟೆಯ ದುಡಿಮೆ ಇದೆ ಎಂದು ತೋರಿಸಿದ್ದು ಕೂಡ ಸಂಶೋಧನೆಯೇ. ಅದಕ್ಕೆ ಗಾಜಿನ ನಳಿಕೆ ಬೇಕಾಗಲಿಲ್ಲ.

ಇನ್ನು ಹಾಡಿನ ಮಾತು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ವಿಷಯ ನಮಗೆ ಗೊತ್ತು. 16ನೆಯ ಶತಮಾನದಲ್ಲಿ ಕಾಳುಮೆಣಸಿನ ವ್ಯಾಪಾರದಿಂದ ಹೆಸರಾದ ರಾಣಿ. ಪೋರ್ತುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ರಾಣಿಗೆ ಶಾಸನವಿದೆ, ಪರದೇಶದವರ ಬರಹವಿದೆ. ಆ ಮೆಣಸನ್ನು ಕೊಯ್ದು ಅಂಗಳದಲ್ಲಿ ಒಣಗಿಸಿದ ಹೆಂಗಸರಿಗೆ ಏನಿದೆ? ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಕಲ್ಲಿನಲ್ಲಿ ಅವರ ಹೆಸರು ಕೆತ್ತುವವರೂ ಇರಲಿಲ್ಲ. ಅಂಥವರ ತವರಿನ ಹಂಬಲ, ಅತ್ತೆಯ ಮೇಲಿನ ಮುನಿಸು, ಮಳೆಯ ಭಯ ಇವೆಲ್ಲ ಉಳಿದರೆ ಹಾಡಿನಲ್ಲಿ ಉಳಿಯಬೇಕು. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳು ಕೇರಿ ಕೇರಿ ಅಲೆದು ಹಾಡು, ಕಥೆಗಳನ್ನು ಬರೆದುಕೊಂಡದ್ದು ಈ ಕಾರಣಕ್ಕೆ ದೊಡ್ಡ ಕೆಲಸ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಲಕ್ಕಿಗಳ ನೂರಾರು ಹಾಡು ಅವರ ನಾಲಗೆಯ ಮೇಲಿತ್ತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಯಾರೂ ಬರೆದುಕೊಳ್ಳದ ಹಾಡು ಇದ್ದರೆ ಅದೂ ಅವರ ಜೊತೆಗೇ ಹೋಯಿತು.

ಹೀಗಾಗಿ 'ಎಂತ ಆಗ್ತದೆ' ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹೇಳುವುದು ಕಷ್ಟ. ಬಳಚಿನ ಲೆಕ್ಕ ಯಾವಾಗ ಬೇಕಾದೀತು, ಹಾಡು ಯಾವಾಗ ಸಾಕ್ಷಿ ಹೇಳೀತು, ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅಜ್ಜಿಯ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ: ಯಾರಿಗೆ ಆಗುತ್ತದೆ? ಇದನ್ನು ಮಾತ್ರ ಯಾವ ಸಂಶೋಧಕನೂ ತಪ್ಪಿಸಿಕೊಳ್ಳಬಾರದು.

ಏಕೆಂದರೆ ಎಲ್ಲ ಬಗೆಯ ಸಂಶೋಧನೆಗೂ ಸಾಲ ಕೊಟ್ಟವರು ಇರುತ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನು ಪುಣೆಯ ವಿಜ್ಞಾನಿಗಳು ಗುರುತಿಸಿದರು. ಮುಂದೆ ಹೊನ್ನಾವರದ ಕಾಡಂಚಿನ ಊರುಗಳೂ ಆ ಜ್ವರಕ್ಕೆ ನಡುಗಿದವು. ಕಾಡಿನಲ್ಲಿ ಮಂಗ ಸತ್ತು ಬೀಳುತ್ತಿದೆ, ಆಮೇಲೆ ಮನುಷ್ಯರಿಗೆ ಜ್ವರ ಬರುತ್ತಿದೆ ಎಂಬುದನ್ನು ಕಂಡವರು ಸೊಪ್ಪು ಸೌದೆಗೆ ಹೋಗುತ್ತಿದ್ದ ಹಳ್ಳಿಯವರು. ಪ್ರಯೋಗಾಲಯಕ್ಕೆ ದಾರಿ ಅಲ್ಲಿಂದಲೇ ತೆರೆಯಿತು. ಹಾಡಿನ ಸಂಶೋಧನೆಯಲ್ಲಿ ಈ ಸಾಲ ಇನ್ನೂ ಸ್ಪಷ್ಟ. ಹಾಡುವವಳು ಅರ್ಧ ದಿನದ ಕೂಲಿ ಬಿಟ್ಟು ಕುಳಿತು ಹಾಡುತ್ತಾಳೆ. ಬರೆದುಕೊಂಡವರಿಗೆ ಪದವಿ, ಬಡ್ತಿ, ಸನ್ಮಾನ. ಪ್ರಬಂಧ ಧಾರವಾಡದ ಗ್ರಂಥಾಲಯದ ಕಪಾಟಿನಲ್ಲಿ ಕೂರುತ್ತದೆ. ಅವಳ ಹೆಸರು, ಇದ್ದರೆ, ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ.

'ಹಾಗಾದರೆ ಗಣಿತದವನು ಯಾರ ಬಾಗಿಲಿಗೆ ಹೋಗಿ ಋಣ ತೀರಿಸಬೇಕು?' ಎಂದು ನಮ್ಮ ಶಾಲೆಯ ಗಣಿತದ ಮೇಷ್ಟ್ರು ನನ್ನನ್ನು ಕೆಣಕಿದ್ದುಂಟು. ನ್ಯಾಯವಾದ ಮಾತೇ. ಪ್ರತಿಯೊಂದು ಲೆಕ್ಕವನ್ನೂ ಸಂತೆಯಲ್ಲಿ ತೂಗಲಾಗದು. ತಿಳಿಯಬೇಕೆಂಬ ಹಂಬಲಕ್ಕೂ ಮನುಷ್ಯನಲ್ಲಿ ಮರ್ಯಾದೆಯ ಜಾಗವಿದೆ. ನಾನು ಹೇಳುವುದು ಅಷ್ಟು ದೊಡ್ಡದನ್ನಲ್ಲ. ಒಬ್ಬರ ಜಗಲಿಯಲ್ಲಿ ಕುಳಿತು ತಿಳಿದದ್ದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಬೇಕು. ಹೆಸರನ್ನು ಎದ್ದು ಕಾಣುವಂತೆ ಬರೆಯಬೇಕು. ಊರಿನ ಶಾಲೆಗೆ ಒಂದು ಪ್ರತಿ ಕೊಡಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲೂ ಊರವರನ್ನೇ ಕೇಳಿ ಗಿಡ, ಮೀನು, ಮದ್ದಿನ ತಿಳಿವಳಿಕೆಯ ದಾಖಲೆ ಬರೆಯಬೇಕು. ಆ ತಿಳಿವಳಿಕೆ ಊರಿನದು ಎಂದು ಕಾನೂನು ಅಷ್ಟಾದರೂ ಒಪ್ಪಿದೆ. ಹಾಡಿಗೆ, ಕಥೆಗೆ, ಭಟ್ಕಳದ ನವಾಯತಿಯಂಥ ಸಣ್ಣ ಮಾತಿನ ಒಂದೊಂದು ಪದಕ್ಕೆ ಸಂಶೋಧಕರ ಮನಸ್ಸಾಕ್ಷಿಯೇ ಕಾಯಿದೆ.

ನಮ್ಮ ಹೆಣ್ಣುಮಕ್ಕಳು ಯಾವ ವಿಷಯ ಆರಿಸಿಕೊಂಡರೂ ಈ ಒಂದು ಮಾತು ಕಲಿಸಿ ಕಳಿಸೋಣ. ನಾಳೆ ಯಾರಾದರೂ ಪ್ರಶ್ನಾವಳಿ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಕರೆದು ಕೂರಿಸಿ, ಬೆಲ್ಲ ನೀರು ಕೊಡಿ, ಗೊತ್ತಿದ್ದದ್ದನ್ನು ಸಂಕೋಚವಿಲ್ಲದೆ ಹೇಳಿ. ಅವರು ಪೆನ್ನು ಮುಚ್ಚುವ ಮೊದಲು ನೀವೂ ಒಂದು ಪ್ರಶ್ನೆ ಕೇಳಿ: "ಬರೆದಾದ ಮೇಲೆ ಒಮ್ಮೆ ಬಂದು ಓದಿ ಹೇಳ್ತೀರಲ್ಲ?"