ಬರೆಯುವ ಕೈಗೆ ಸುಖ ಬೇಡವೇ?

☸️ *ಇಂದಿನ ಧಮ್ಮ ಚಿಂತನೆ*



ಸುಖ ಎಂಬ ಮಾತು ಕೇಳಿದರೆ ನಮಗೆ ಒಳಗೊಳಗೇ ಅನುಮಾನ. ಸುಖದ ಹಿಂದೆ ತಣ್ಹಾ ಬರುತ್ತದೆ, ತಣ್ಹಾದ ಹಿಂದೆ ದುಃಖ ಬರುತ್ತದೆ ಎಂದು ಕಲಿತವರು ನಾವು. ಹಾಗಾದರೆ ಬರೆಯುವ ಪೆನ್ನು ಕೈಗೆ ಹಿತವಾಗಿರಲಿ ಎಂದು ಬಯಸುವುದು ತಪ್ಪೇ? ಕಾಗದ ಸಾಕಾಗಿರುವಾಗ ಟ್ಯಾಬ್ಲೆಟ್ ಮೇಲೆ ಸ್ಟೈಲಸ್ ಹಿಡಿದು ಬರೆಯುವ ಸುಖ ನಮಗೆ ಬೇಕೇ?

ಈ ಪ್ರಶ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ನಮ್ಮ ಬಳಗದ ಹಿರಿಯ ಉಪಾಸಕರೊಬ್ಬರು ವರ್ಷಗಳಿಂದ ಪ್ರತಿ ಅಧ್ಯಯನದ ಟಿಪ್ಪಣಿ ಬರೆದಿಡುತ್ತಾ ಬಂದಿದ್ದಾರೆ. ಈಗ ಅವರ ಬೆರಳ ಗಂಟು ನೋಯುತ್ತವೆ, ಕಣ್ಣು ಮಂಜು. ಅವರಿಗೆ ಒಂದು ಟ್ಯಾಬ್ಲೆಟ್ ಕೊಡಿಸೋಣ ಎಂದು ಹುಡುಗರು ಹೇಳಿದರು. ಒಬ್ಬ ಅಕ್ಕ ತಕ್ಷಣ ಕೇಳಿದರು: "ಬರಿಯೂದಕ್ಕೂ ಸುಖ ಬೇಕೇನ್ರಿ? ಅದ ರೊಕ್ಕದಾಗ ಸಂಜಿ ಪಾಠದ ಹುಡುಗರಿಗೆ ವರ್ಷಪೂರ್ತಿ ನೋಟ್‌ಬುಕ್ ಬರತಾವು." ಅಕ್ಕನ ಮಾತಿನಲ್ಲಿ ನ್ಯಾಯವಿದೆ. ಅದನ್ನು ಪಕ್ಕಕ್ಕೆ ಸರಿಸದೆ ಯೋಚಿಸಬೇಕು.

*ಮುಟ್ಟಿದಾಗ ಏನಾಗುತ್ತದೆ*

ನಾನು ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಷಿನ್ ಮೇಲೆ ಕೆಲಸ ಮಾಡುವವನು. ಶಿಫ್ಟ್ ಮುಗಿದ ಮೇಲೂ ಬೆರಳು ಹಿಡಿ ಬಿಡುವುದಿಲ್ಲ. ಮನೆಗೆ ಬಂದು ಬಾಲ್‌ಪೆನ್ ಒತ್ತಿ ಒಂದು ಪುಟ ಬರೆದರೆ ಹೆಬ್ಬೆರಳಿನ ಬುಡ ಸೆಳೆಯುತ್ತದೆ. ಬಳಗದ ತಮ್ಮನೊಬ್ಬ ತನ್ನ ಕಾಲೇಜಿನ ಟ್ಯಾಬ್ಲೆಟ್ ಕೊಟ್ಟು "ಅಣ್ಣಾ, ಬರದ ನೋಡ್ರಿ" ಎಂದಾಗ ನಾನೂ ಬರೆದು ನೋಡಿದೆ.

ಮೊದಲಿಗೆ ಗಾಜಿನ ಮೇಲೆ ಮೊನೆ ಜಾರಿತು. ನೀರು ಬಿದ್ದ ಶಹಾಬಾದ್ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಅಕ್ಷರ ನನ್ನದೇ ಆದರೂ ನನ್ನದಲ್ಲದ ಹಾಗೆ ಕಂಡಿತು. ಕಾಗದದಲ್ಲಿ ನಾರು ಇರುತ್ತದೆ, ಅದು ಪೆನ್ನಿನ ಮೊನೆಯನ್ನು ಸ್ವಲ್ಪ ಹಿಡಿದು ಬಿಡುತ್ತದೆ. ಆ ಹಿಡಿತದಿಂದಲೇ ಕೈಗೆ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ತಿಳಿಯುತ್ತದೆ. ಗಾಜಿನಲ್ಲಿ ಆ ಹಿಡಿತ ಇಲ್ಲ. ಅದಕ್ಕೇ ಕೆಲವರು ಗಾಜಿನ ಮೇಲೆ ತರಿತರಿಯಾದ ತೆಳು ಹಾಳೆ ಅಂಟಿಸಿಕೊಳ್ಳುತ್ತಾರೆ. ಆಗ ಮೊನೆ ಸರಸರ ಎಂದು ಸದ್ದು ಮಾಡುತ್ತದೆ, ಕೈಗೆ ಹಿಡಿತ ಸಿಗುತ್ತದೆ. ಆದರೆ ತರಿ ಹೆಚ್ಚಾದಷ್ಟೂ ಮೊನೆ ಬೇಗ ಸವೆಯುತ್ತದೆ, ಪರದೆಯ ಹೊಳಪೂ ಕುಗ್ಗುತ್ತದೆ.

ಇನ್ನೊಂದು ತೊಡಕು ತಡ. ಮೊನೆ ಮುಂದೆ ಹೋದ ಮೇಲೆ ಗೆರೆ ಹಿಂದಿನಿಂದ ಬಂದರೆ ಕೈಗೂ ಕಣ್ಣಿಗೂ ಹೊಂದಿಕೆ ತಪ್ಪುತ್ತದೆ. ಈ ತಡವನ್ನು ಇಳಿಸಲು ಕಂಪನಿಗಳು ಬಹಳ ದುಡಿದಿವೆ. 2019ರಲ್ಲಿ ಆಪಲ್ ತನ್ನ ಪೆನ್ಸಿಲ್‌ನ ತಡವನ್ನು 20 ಮಿಲಿಸೆಕೆಂಡಿನಿಂದ 9 ಮಿಲಿಸೆಕೆಂಡಿಗೆ ಇಳಿಸಿದ್ದಾಗಿ ಹೇಳಿತು. ಒಂದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ವ್ಯತ್ಯಾಸವೂ ಕೈಗೆ ಗೊತ್ತಾಗುತ್ತದೆ ಎಂದರೆ ಸ್ಪರ್ಶ ಎಷ್ಟು ಸೂಕ್ಷ್ಮ ಎಂದು ತಿಳಿಯಿರಿ.

ಸ್ವಲ್ಪ ಹೊತ್ತಿನಲ್ಲಿ ಕೈ ಒಗ್ಗಿತು. ಒತ್ತಬೇಕಿಲ್ಲ, ಸೋಕಿದರೆ ಸಾಕು, ಗೆರೆ ಮೂಡುತ್ತದೆ. ಅಂಗೈ ಪರದೆಯ ಮೇಲೆ ಊರಿದರೂ ಅದು ಅಂಗೈಯನ್ನು ಬಿಟ್ಟು ಮೊನೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ಕನ್ನಡದಲ್ಲಿ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ; "ರಾಷ್ಟ್ರ" ಎಂದು ಬರೆದರೆ ಕೆಳಗಿನ ಸಾಲಿಗೇ ತಾಗುತ್ತದೆ. ಇಲ್ಲಿ ಎರಡು ಬೆರಳಿನಿಂದ ಪುಟ ಹಿಗ್ಗಿಸಿ, ದೊಡ್ಡದಾಗಿ ಬರೆದು, ಮತ್ತೆ ಕುಗ್ಗಿಸಬಹುದು. ಮಂಜು ಕಣ್ಣಿಗೆ ಇದು ಸಣ್ಣ ಉಪಕಾರವಲ್ಲ. ನೋಡುತ್ತಿದ್ದ ಅಜ್ಜಿಯೊಬ್ಬರು "ಇದು ಪಾಟಿ ಇದ್ದಂಗ ಐತಲ್ಲೋ, ಬರಿ, ಒರಸು, ಮತ್ತ ಬರಿ" ಎಂದು ನಕ್ಕರು. ಅವರು ಬಾಲ್ಯದಲ್ಲಿ ಪಾಟಿ ಹಿಡಿದವರಲ್ಲ, ಅಣ್ಣಂದಿರ ಪಾಟಿ ನೋಡಿದವರು.

ಈಗ ಇದನ್ನು ಧಮ್ಮದ ಮಾತಿನಲ್ಲಿ ನೋಡೋಣ. ಇಂದ್ರಿಯ, ವಸ್ತು, ಅರಿವು ಈ ಮೂರೂ ಕೂಡಿದಾಗ ಫಸ್ಸ, ಅಂದರೆ ಸ್ಪರ್ಶ. ಫಸ್ಸದಿಂದ ವೇದನಾ: ಸುಖ, ದುಃಖ ಅಥವಾ ಎರಡೂ ಅಲ್ಲದ್ದು. ಇಲ್ಲಿಯವರೆಗೆ ಯಾವ ದೋಷವೂ ಇಲ್ಲ. ಬುದ್ಧರ ಕೈಗೂ ತಣ್ಣೀರು ತಣ್ಣಗೇ ತಾಗುತ್ತಿತ್ತು. ವೇದನಾ ತಣ್ಹಾ ಆಗಿ ತಿರುಗುವ ಜಾಗದಲ್ಲಿ ಮಾತ್ರ ಕಾವಲು ಬೇಕು. ಆ ಕಾವಲುಗಾರನೇ ಸತಿ. ಸುಖವನ್ನು ಹೊಡೆದು ಓಡಿಸು ಎಂದು ಧಮ್ಮ ಹೇಳುವುದಿಲ್ಲ. ಸುಖ ಬಂದಾಗ ಎಚ್ಚರವಾಗಿರು ಎನ್ನುತ್ತದೆ.

*ಮುಟ್ಟಬೇಡ ಎಂದವರ ನಡುವೆ*

ನಮ್ಮ ಜನಕ್ಕೆ ಸ್ಪರ್ಶ ಬರೀ ಒಂದು ಇಂದ್ರಿಯದ ಮಾತಲ್ಲ. ಸ್ಪರ್ಶದ ಹೆಸರಿನಲ್ಲೇ ನಮ್ಮನ್ನು ಊರಾಚೆ ಇಟ್ಟಿದ್ದರು. ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಇನ್ನೊಂದು ಪ್ರಸಂಗವಿದೆ. ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಶಿಕ್ಷಕರು ಭೀಮನನ್ನು ಕಪ್ಪುಹಲಗೆಗೆ ಬಂದು ಲೆಕ್ಕ ಬಿಡಿಸಲು ಕರೆದರು. ತಕ್ಷಣ ತರಗತಿಯಲ್ಲಿ ಗದ್ದಲ. ಹಲಗೆಯ ಹಿಂದೆ ಸವರ್ಣ ಹುಡುಗರ ಊಟದ ಡಬ್ಬಿಗಳಿದ್ದವು. ಭೀಮ ಹಲಗೆ ಮುಟ್ಟುವ ಮೊದಲೇ ಅವರು ನುಗ್ಗಿ ಡಬ್ಬಿಗಳನ್ನು ಅತ್ತ ಸರಿಸಿದರು.

ಯೋಚಿಸಿ. ಬರೆಯುವ ಹಲಗೆ, ಅದನ್ನು ಮುಟ್ಟುವ ಒಂದು ಕೈ. ಆ ಕೈಯನ್ನು ಕಂಡು ಒಂದು ತರಗತಿಯೇ ಹೆದರಿತು. ಅದೇ ಕೈ ಮುಂದೆ ಸಂವಿಧಾನದ ಕರಡು ತಿದ್ದಿತು.

ಹೀಗಾಗಿ "ಇವರಿಗೆ ಯಾಕೆ ಒಳ್ಳೆಯದು?" ಎಂಬ ಮಾತು ನಮಗೆ ಹಳೆಯ ಪರಿಚಯ. ಒಳ್ಳೆಯ ಬಟ್ಟೆ ಯಾಕೆ, ಒಳ್ಳೆಯ ಪಾತ್ರೆ ಯಾಕೆ, ಒಳ್ಳೆಯ ಹೆಸರು ಯಾಕೆ ಎಂದು ಕೇಳಿದ್ದು ಜಾತಿ. ಅದು ಎಷ್ಟು ಆಳಕ್ಕೆ ಇಳಿದಿದೆಯೆಂದರೆ ಈಗ ಹೊರಗಿನವರು ಕೇಳದಿದ್ದರೂ ನಮ್ಮೊಳಗಿನಿಂದಲೇ ಕೇಳಿಸುತ್ತದೆ. ನಮ್ಮ ಕೈಗೆ ಒರಟೇ ಸರಿ ಎಂದು ನಾವೇ ನಂಬಿಬಿಡುತ್ತೇವೆ. ಅದನ್ನು ಸರಳತೆ ಎಂದು ಕರೆದುಕೊಳ್ಳುತ್ತೇವೆ. ಬಾಬಾಸಾಹೇಬರು ಬಡತನವನ್ನು ಎಂದೂ ಪುಣ್ಯ ಎನ್ನಲಿಲ್ಲ. ಅಚ್ಚುಕಟ್ಟಾದ ಸೂಟು ತೊಟ್ಟರು, ಪುಸ್ತಕಕ್ಕಾಗಿ ರಾಜಗೃಹ ಕಟ್ಟಿಸಿದರು, ಒಳ್ಳೆಯ ಫೌಂಟನ್ ಪೆನ್ನುಗಳನ್ನು ಪ್ರೀತಿಸಿದರು.

ಆದರೆ ಆ ಪೆನ್ನುಗಳು ಪೆಟ್ಟಿಗೆಯಲ್ಲಿ ಮಲಗಲಿಲ್ಲ. ಸಕ್ಕರೆ ಕಾಯಿಲೆ, ಕಾಲುನೋವು ಕಾಡುತ್ತಿದ್ದಾಗಲೂ ಅವರು ಬರೆದರು. ಬರೆದದ್ದನ್ನು ನಾನಕ್ ಚಂದ್ ರತ್ತು ಟೈಪ್ ಮಾಡುತ್ತಿದ್ದರು. 1956ರ ಡಿಸೆಂಬರ್ 5ರ ರಾತ್ರಿ "ಬುದ್ಧ ಮತ್ತು ಆತನ ಧಮ್ಮ"ದ ಮುನ್ನುಡಿಯ ಹಾಳೆಗಳನ್ನು ಹಾಸಿಗೆಯ ಬಳಿ ತರಿಸಿಕೊಂಡರು. ಮರುದಿನ ಅವರಿಲ್ಲ. ಪುಸ್ತಕ ಹೊರಬಂದದ್ದು 1957ರಲ್ಲಿ. ಇಲ್ಲಿ ಪೆನ್ನಿನ ಹಿತ ಬರೆಹಕ್ಕೆ ದುಡಿಯಿತು.

*ಸೂಜಿ ಡಬ್ಬಿಯ ಪಾಠ*

ಹಾಗಾದರೆ ಬೇಕೆನಿಸಿದ್ದೆಲ್ಲ ಕೊಳ್ಳಬಹುದೇ? ಇಲ್ಲ. ವಿನಯದಲ್ಲಿ ಇದಕ್ಕೆ ಸರಿಯಾದ ಒಂದು ಪ್ರಸಂಗವಿದೆ. ಚೀವರ ಹೊಲಿಯಲು ಭಿಕ್ಖುಗಳಿಗೆ ಸೂಜಿ ಬೇಕು, ಸೂಜಿ ಇಡಲು ಡಬ್ಬಿ ಬೇಕು. ದಂತದ ಕೆಲಸ ಮಾಡುವ ಒಬ್ಬ ಕುಶಲಕರ್ಮಿ, ಬೇಕಾದವರಿಗೆ ಸೂಜಿ ಡಬ್ಬಿ ಮಾಡಿಕೊಡುತ್ತೇನೆ ಎಂದ. ಭಿಕ್ಖುಗಳು ಒಂದಾದ ಮೇಲೊಂದು ಕೇಳತೊಡಗಿದರು. ಚಿಕ್ಕದು ಇದ್ದವರು ದೊಡ್ಡದು ಕೇಳಿದರು, ದೊಡ್ಡದು ಇದ್ದವರು ಚಿಕ್ಕದು ಕೇಳಿದರು. ಆ ಬಡಪಾಯಿಗೆ ಮಾರಾಟದ ಕೆಲಸಕ್ಕೆ ಪುರುಸೊತ್ತಿಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಕಷ್ಟ. ಆಗ ಭಗವಾನರು ಎಲುಬು, ದಂತ, ಕೊಂಬಿನ ಸೂಜಿ ಡಬ್ಬಿಗಳನ್ನು ನಿಷೇಧಿಸಿದರು.

ಗಮನಿಸಿ: ಸೂಜಿಯನ್ನು ನಿಷೇಧಿಸಲಿಲ್ಲ, ಹೊಲಿಗೆಯನ್ನು ನಿಷೇಧಿಸಲಿಲ್ಲ. ಒಬ್ಬರ ಬಯಕೆ ಇನ್ನೊಬ್ಬರ ಅನ್ನದ ಮೇಲೆ ಕುಳಿತಾಗ ಅಲ್ಲಿ ಗೆರೆ ಎಳೆದರು.

ಇದನ್ನೇ ನಮ್ಮ ವಿಷಯಕ್ಕೆ ಹಚ್ಚಿ ನೋಡಿದರೆ ಎರಡು ಬಗೆಯ ಸುಖ ಕಾಣುತ್ತವೆ. ಒಂದು, ನೋವು ಇಳಿಸುವ ಸುಖ. ಗಂಟು ನೋಯುವ ಬೆರಳು ಒತ್ತದೇ ಬರೆಯುವಂತಾದರೆ ಒಂದು ದುಃಖ ಕಡಿಮೆಯಾಯಿತು. ದುಃಖ ಕಡಿಮೆ ಮಾಡುವುದು ಧಮ್ಮದ ಕೆಲಸವೇ. ಇನ್ನೊಂದು, ರುಚಿ ಬೆಳೆಸುವ ಸುಖ. ಈ ಮೊನೆ ಸಾಲದು, ಆ ಮೊನೆ ಬೇಕು. ಈ ವರ್ಷದ್ದು ಸಾಲದು, ಮುಂದಿನ ವರ್ಷದ್ದು ಬೇಕು. ಇಲ್ಲಿ ಬರೆಯುವುದು ನಿಂತು ಸಲಕರಣೆಯ ಧ್ಯಾನ ಶುರುವಾಗುತ್ತದೆ. ಕಷ್ಟ ಏನೆಂದರೆ ಮೊದಲನೆಯದು ಸದ್ದಿಲ್ಲದೆ ಎರಡನೆಯದಾಗಿ ಬದಲಾಗುತ್ತದೆ. ಸೋಣ ಭಿಕ್ಖುವಿಗೆ ಬುದ್ಧರು ವೀಣೆಯ ತಂತಿಯ ಉದಾಹರಣೆ ಕೊಟ್ಟದ್ದು ನಮಗೆಲ್ಲ ಗೊತ್ತು: ಬಹಳ ಬಿಗಿದರೂ ನಾದವಿಲ್ಲ, ಬಹಳ ಸಡಿಲಿಸಿದರೂ ನಾದವಿಲ್ಲ. ತಂತಿಯನ್ನು ಒಂದು ಸಲ ಶ್ರುತಿ ಮಾಡಿಟ್ಟರೆ ಮುಗಿಯಲಿಲ್ಲ, ಪ್ರತಿ ಸಲ ನುಡಿಸುವ ಮುಂಚೆ ಕಿವಿಗೊಡಬೇಕು.

*ಬಂಡೆ, ಗರಿ, ಗಾಜು*

ನಮ್ಮ ನಾಡಿನದೇ ಒಂದು ಸಾಕ್ಷಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಇಡೀ ಬರೆಹ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಇನ್ನು ತಿಪಿಟಕ ಬಹುಕಾಲ ಬಾಯಿಪಾಠದಲ್ಲೇ ಉಳಿದು, ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬರೆಹಕ್ಕಿಳಿಯಿತು. ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಶಾಯಿಯಿಲ್ಲದೆ ಕೊರೆದು, ಆಮೇಲೆ ಮಸಿ ಸವರುವುದು ನಮ್ಮ ಕಡೆಯ ಹಳೆಯ ಪದ್ಧತಿ. ಬಂಡೆ ಒರಟು, ಗರಿ ನಾಜೂಕು, ಗಾಜು ಜಾರುತ್ತದೆ. ಧಮ್ಮ ಇವುಗಳಲ್ಲಿ ಯಾವುದನ್ನೂ ಪೂಜಿಸಲಿಲ್ಲ, ಯಾವುದನ್ನೂ ದೂರ ಇಡಲಿಲ್ಲ. ಬರೆದದ್ದು ಬಹುಜನರಿಗೆ ತಲುಪಿತೇ ಎಂದು ಮಾತ್ರ ಕೇಳಿತು.

*ನನ್ನ ಅಭಿಪ್ರಾಯ*

ಅಕ್ಕನ ಮಾತಿನಂತೆ ಮಕ್ಕಳ ನೋಟ್‌ಬುಕ್ಕಿನ ಹಣದಿಂದ ಒಂದು ರೂಪಾಯಿಯೂ ತೆಗೆಯಬಾರದು. ಅದು ದಂತದವನ ಮನೆಯ ಅನ್ನ. ಟ್ಯಾಬ್ಲೆಟ್ ಬೇಕೆನ್ನುವ ನಾವು ಬೇರೆಯಾಗಿ ದಾನ ಕೂಡಿಸೋಣ. ಹೊಸ ಮಾದರಿ ಬೇಡ, ಯಾರಾದರೂ ಬಳಸಿ ಬಿಟ್ಟದ್ದಾದರೂ ಸರಿ, ಸ್ಟೈಲಸ್ ಕೈಗೆ ಹಿತವಾಗಿದ್ದರೆ ಸಾಕು. ಹಿರಿಯರು ಬರೆಯಲಿ, ಬರೆದ ಪುಟ ಅದೇ ಸಂಜೆ ಈ ಗುಂಪಿಗೆ ಬರಲಿ. ಅವರ ಹಳೆಯ ಟಿಪ್ಪಣಿಗಳ ಫೋಟೊ ತೆಗೆದು ಅದರಲ್ಲೇ ಇಡೋಣ. ಒಬ್ಬರ ಬೆರಳಿನ ನೋವು ಇಳಿದರೆ ಅಷ್ಟು ವರ್ಷಗಳ ಅಧ್ಯಯನ ನಮ್ಮೆಲ್ಲರ ಕೈಗೆ ಸಿಗುತ್ತದೆ. ಅವರಿಗೆ ಕೊಡುವುದನ್ನು ನಾನು ಸುಖ ಎನ್ನುವುದಿಲ್ಲ, ಋಣ ತೀರಿಸುವುದು ಎನ್ನುತ್ತೇನೆ.

ನಿಮ್ಮಲ್ಲಿ ಬೇರೆ ಅಭಿಪ್ರಾಯ ಇರಬಹುದು. ಭಾನುವಾರ ಹೇಳಿ, ಕೇಳೋಣ.

🪷 *ಇಂದಿನ ಅಭ್ಯಾಸ*

ಇಂದು ಏನಾದರೂ ಒಂದು ಪುಟ ಕೈಯಿಂದ ಬರೆಯಿರಿ. ಕಾಗದವಾಗಲಿ, ಪಾಟಿಯಾಗಲಿ, ಫೋನಿನ ಪರದೆಯಾಗಲಿ. ಬರೆಯುವಾಗ ಮೊನೆ ತಾಗುವುದನ್ನು ಗಮನಿಸಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ:

1. ಈ ಸುಖ ಯಾವ ನೋವನ್ನು ಇಳಿಸಿತು?
2. ಇದಕ್ಕಾಗಿ ಯಾರ ತಟ್ಟೆಯ ಅನ್ನ ಕಡಿಮೆಯಾಯಿತು?
3. ಈ ಸುಖದಿಂದ ನಾನು ಹೆಚ್ಚು ಬರೆದೆನೋ, ಹೆಚ್ಚು ಬಯಸಿದೆನೋ?

ನಮ್ಮ ಹಿರಿಯರಿಗೆ ಬೇಡ ಎಂದಿದ್ದ ಅಕ್ಷರ ಈಗ ನಮ್ಮ ಬೆರಳ ತುದಿಯಲ್ಲಿದೆ. ಅದನ್ನು ಹಿತವಾಗಿ ಹಿಡಿಯೋಣ, ಎಚ್ಚರದಿಂದ ಹಿಡಿಯೋಣ.

ಭವತು ಸಬ್ಬ ಮಂಗಲಂ 🙏
ಜೈಭೀಮ್. ನಮೋ ಬುದ್ಧಾಯ.