ಸ್ನಾನಕ್ಕೆ ಮುಂಚೆ ಭೋಜನವೋ?

ದೀಕ್ಷಾಸ್ನಾನ ಹೊಂದದವನು ಕರ್ತನ ಭೋಜನದಲ್ಲಿ ಪಾಲುಗೊಳ್ಳಬಹುದೋ ಎಂಬ ಪ್ರಶ್ನೆಯು ಹೊಸದಲ್ಲ. ಪೆಂತೆಕೊಸ್ತ ದಿನದಲ್ಲಿ ಸುಮಾರು 3,000 ಜನರು ಮೊದಲು ಸ್ನಾನಹೊಂದಿ, ಅನಂತರ ರೊಟ್ಟಿ ಮುರಿಯುವದರಲ್ಲಿ ನಿರತರಾದರೆಂದು ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದಿಸಭೆಯ ‘ದಿದಖೆ’ ಎಂಬ ಬೋಧಗ್ರಂಥವೂ ಸ್ನಾನವಾಗದವರಿಗೆ ಈ ಭೋಜನವನ್ನು ಕೊಡಬಾರದೆಂದು ವಿಧಿಸುತ್ತದೆ. ಕ್ರಮವು ಇದರಿಂದ ಸ್ಪಷ್ಟವಾಯಿತು. ಆದರೆ ಕ್ರಮವು ಬೀಗವಾಗಬೇಕೋ?

‘ಯಾತ್ರಿಕನ ಸಂಚಾರ’ವನ್ನು ಬರೆದ ಜಾನ್ ಬನ್ಯನನು ಹಾಗೆಣಿಸಲಿಲ್ಲ. ಇಂಗ್ಲೆಂಡಿನ ಬೆಡ್ಫರ್ಡ್ ಊರಿನ ಸಭಾಪಾಲಕನಾದ ಆತನು, ನೀರಿನ ಸ್ನಾನದ ವಿಷಯವಾದ ಅಭಿಪ್ರಾಯಭೇದವು ಅನ್ಯೋನ್ಯತೆಗೆ ಅಡ್ಡಿಯಲ್ಲವೆಂದು 1673ರಲ್ಲಿ ಪುಸ್ತಕ ಬರೆದನು. ದೇವರು ಅಂಗೀಕರಿಸಿದವನನ್ನು ನಾವು ತಳ್ಳಬಹುದೇ ಎಂಬುದೇ ಆತನ ವಾದವು. ಲಂಡನಿನ ವಿಲಿಯಂ ಕಿಫಿನನು ಇದನ್ನು ಒಪ್ಪದೆ, ಕ್ರಿಸ್ತನಿಟ್ಟ ಕ್ರಮವನ್ನು ಸಡಿಲಿಸಲು ಸಭೆಗೆ ಅಧಿಕಾರವಿಲ್ಲವೆಂದು 1681ರಲ್ಲಿ ಬರೆದನು. ಬನ್ಯನನು ವಾದಿಸಿದ್ದು ಮನಸ್ಸಾಕ್ಷಿಯಿಂದ ಭೇದವುಳ್ಳವರ ಪರವಾಗಿಯೇ, ಉದಾಸೀನರ ಪರವಾಗಿ ಅಲ್ಲ. ಇದನ್ನು ಅನೇಕರು ಮರೆಯುತ್ತಾರೆ.

ನಮ್ಮ ಹಳ್ಳಿಗಳಲ್ಲಿಯಾದರೋ ಕಷ್ಟವು ಬೇರೆ ಬಗೆಯದು. ಒಬ್ಬ ಸಹೋದರಿಯು ಪೂರ್ಣಹೃದಯದಿಂದ ನಂಬಿಯೂ, ಗಂಡನು ಮಕ್ಕಳನ್ನು ಕಸಿದುಕೊಂಡು ತನ್ನನ್ನು ಹೊರಗೆ ಹಾಕುವನೆಂಬ ಭಯದಿಂದ ಸ್ನಾನಕ್ಕೆ ಬರಲಾರಳೆಂದು ಎಣಿಸಿರಿ. ಭೋಜನದ ದಿನ ಆಕೆಯು ಬಾಗಲ ಬಳಿಯಲ್ಲಿ ತಲೆಬಾಗಿ ಕೂತಿರುವಳು. ನಾಳೆ ನೋಡೋಣವೆನ್ನುವ ಸೋಮಾರಿಯ ಸಾಲಿನಲ್ಲಿ ಈಕೆಯನ್ನು ಸೇರಿಸುವದು ನ್ಯಾಯವೋ?

ಕ್ರಮವನ್ನು ಕಾಯಬೇಕೆಂಬುದೇ ನನ್ನ ಅಭಿಪ್ರಾಯವು. ಸ್ನಾನವು ಒಳಗೆ ಬರುವ ಬಾಗಲು, ಭೋಜನವು ಒಳಗಿರುವವರ ಊಟ. ಆದರೂ ಆಕೆಯನ್ನು ಕಾಯಿಸುವ ಸಭೆಯು ಆಕೆಯ ಭಾರವನ್ನು ಹೊರಲೇಬೇಕು. ರೊಟ್ಟಿಯನ್ನು ತಿಂದು ಎದ್ದ ನಮ್ಮ ಹಿರಿಯರಲ್ಲಿ ಆ ಗಂಡನ ಜಗಲಿಗೆ ಹೋಗಿ ಆತನ ಸಂಗಡ ಮಾತಾಡಿದವರು ಎಷ್ಟು ಮಂದಿ?