ಮಕ್ಕಳ ಹೆಜ್ಜೆಗೆ ತಕ್ಕ ಪ್ರವಾಸ

ಏಪ್ರಿಲ್ ತಿಂಗಳ ಒಂದು ಭಾನುವಾರ. ಎರಡನೆಯ ಪೂಜೆ ಮುಗಿದು ಜನರೆಲ್ಲ ಮನೆಗಳತ್ತ ಹೊರಟ ಮೇಲೂ ನಮ್ಮ ಧರ್ಮಕೇಂದ್ರದ ಒಬ್ಬ ತಂದೆ ದೇವಾಲಯದ ಜಗಲಿಯಲ್ಲಿ ನಿಂತೇ ಇದ್ದರು. ಗಾರೆ ಕೆಲಸದವರು; ದಿನಗೂಲಿಯೇ ಆಧಾರ. ಪತ್ನಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಪತಿಪತ್ನಿಯರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

“ಫಾದರ್, ರಜೆಯಲ್ಲಿ ಮಕ್ಕಳನ್ನ ಎರಡು ದಿನ ಮೈಸೂರಿಗೆ ಕರ್ಕೊಂಡು ಹೋಗೋಣ ಅಂತಿದ್ದೀನಿ. ಒಂದು ವರ್ಷದಿಂದ ಡಬ್ಬಿಯಲ್ಲಿ ದುಡ್ಡು ಹಾಕ್ತಾ ಬಂದಿದ್ದೀನಿ. ಮನೆಯವಳು ಬೇಡ ಅಂತಾಳೆ. ನಮ್ಮಂಥೋರಿಗೆ ಟೂರ್ ಯಾಕೆ, ದೇವರು ಮೆಚ್ಚಲ್ಲ ಅಂತಾಳೆ. ಹೌದಾ ಫಾದರ್?”

“ದೇವರು ಮೆಚ್ಚಲ್ಲ ಅಂತ ಅವರಿಗೆ ಯಾರಪ್ಪ ಹೇಳಿದ್ದು?”

ಅವರು ಸಂಕೋಚದಿಂದ ನಕ್ಕರು. “ನೀವೇ ಫಾದರ್. ತಪಸ್ಸು ಕಾಲದಲ್ಲಿ.”

ನನಗೆ ನೆನಪಾಯಿತು. ನೆರೆಮನೆಯಲ್ಲಿ ಒಲೆ ಉರಿಯದಿರುವಾಗ ರೆಸಾರ್ಟುಗಳಲ್ಲಿ ಹಣ ಸುರಿಯುವವರ ಬಗ್ಗೆ ಆ ದಿನ ಪ್ರಬೋಧನೆಯಲ್ಲಿ ಖಾರವಾಗಿಯೇ ಮಾತನಾಡಿದ್ದೆ. ನಾನು ಯಾರನ್ನು ಕುರಿತು ಹೇಳಿದ್ದೆನೋ ಅವರಲ್ಲಿ ಅನೇಕರು ಆ ಭಾನುವಾರ ಪೂಜೆಗೇ ಬಂದಿರಲಿಲ್ಲ. ಮಾತು ಹೋಗಿ ನಾಟಿದ್ದು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ದುಡಿಯುವ ಈ ತಾಯಿಯ ಮನಸ್ಸಿಗೆ.

ಅವರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವರ್ಷದ ಹಿಂದೆ ನೆಂಟರ ಜೊತೆ ವ್ಯಾನು ಮಾಡಿಕೊಂಡು, ಕೈಸಾಲ ತಂದು, ಇದೇ ಮೈಸೂರಿಗೆ ಹೋಗಿದ್ದರಂತೆ. ಒಂದೇ ದಿನದಲ್ಲಿ ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಕತ್ತಲಾಗುವ ಹೊತ್ತಿಗೆ ಐದು ವರ್ಷದ ಮಗಳು ಮೆಟ್ಟಿಲ ಮೇಲೆ ಕುಳಿತು ಇನ್ನು ನಡೆಯಲಾರೆ ಎಂದು ಅತ್ತಳು. ಮುಂದೆ ಹೋದ ನೆಂಟರು ಕೂಗುತ್ತಿದ್ದಾರೆ, ಇತ್ತ ಮಗು ಹಟ ಮಾಡುತ್ತಿದೆ, ತಲೆಯಲ್ಲಿ ಸಾಲದ ಲೆಕ್ಕ. ಎಲ್ಲರೆದುರಿಗೆ ಕೆನ್ನೆಗೆ ಹೊಡೆದುಬಿಟ್ಟರು. “ಅವಳಿಗೆ ಕಾರಂಜಿ ನೆನಪಿಲ್ಲ ಫಾದರ್. ಏಟು ನೆನಪಿದೆ,” ಎಂದರು. ಡಬ್ಬಿಯಲ್ಲಿ ಹಣ ಕೂಡಿಟ್ಟದ್ದು ಏಕೆಂದು ನನಗೆ ಆಗ ಅರ್ಥವಾಯಿತು.

ಪ್ರಿಯ ಓದುಗರೇ, ಈ ತಂದೆಯ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಕೈಯಲ್ಲಿ ಹೆಚ್ಚು ಹಣವಿಲ್ಲದ ಕುಟುಂಬ ವಿಹಾರಕ್ಕೆ ಖರ್ಚು ಮಾಡುವುದು ಸರಿಯೇ? ಸರಿಯಾದರೆ, ಅದರ ಅಳತೆ ಯಾವುದು?

ವಿಶ್ರಾಂತಿ ಯಾರ ಸೊತ್ತು?

ದೇವರ ಹತ್ತು ಕಟ್ಟಳೆಗಳಲ್ಲಿ ಸಬ್ಬತ್ ದಿನದ ಕಟ್ಟಳೆಯನ್ನು ಗಮನವಿಟ್ಟು ಓದಿ. ವಿಶ್ರಾಂತಿ ಯಜಮಾನನಿಗೆ ಮಾತ್ರ ಎಂದು ಅಲ್ಲಿಲ್ಲ. ಮಗ, ಮಗಳು, ಆಳು, ಪರದೇಶಿ, ಕಡೆಗೆ ದುಡಿಯುವ ಎತ್ತು ಕತ್ತೆಗಳಿಗೂ ಅಂದು ವಿರಾಮ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್‌ರವರು ದುಡಿಮೆಯನ್ನು ಕುರಿತು ಬರೆದ ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಎಂಬ ಪತ್ರದಲ್ಲಿ, ಕಾರ್ಮಿಕನಿಗೆ ವಾರದ ವಿಶ್ರಾಂತಿಯಷ್ಟೇ ಅಲ್ಲ, ವರ್ಷಕ್ಕೊಮ್ಮೆ ದೀರ್ಘ ಬಿಡುವೂ ಹಕ್ಕಿನಿಂದ ಸಲ್ಲಬೇಕೆಂದು ಹೇಳಿದ್ದಾರೆ. ಅದನ್ನು ಯಾರೋ ದಯೆತೋರಿ ಕೊಡುವ ದಾನವೆಂದು ಅವರು ಹೇಳಲಿಲ್ಲ.

ಸಂತ ಥಾಮಸ್ ಅಕ್ವಿನಾಸರು ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಸಂತ ಯೊವಾನ್ನರು ತಮ್ಮ ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟುಕೊಂಡರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಸಂತರು ಬಾಣ ಬಿಡಲು ಹೇಳಿದರು. ಬಿಟ್ಟ. ಇನ್ನೊಂದು, ಮತ್ತೊಂದು. “ಹೀಗೆಯೇ ಬಿಡುತ್ತಿರಬಲ್ಲೆಯಾ?” ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದನಂತೆ. ಮನಸ್ಸೂ ಹಾಗೆಯೇ ಎಂದರು ಸಂತರು. ಅಕ್ವಿನಾಸರು ಇನ್ನೂ ಮುಂದೆ ಹೋಗಿ, ವಿನೋದವನ್ನೇ ಒಲ್ಲದೆ ಇತರರ ಸಂತೋಷಕ್ಕೂ ಅಡ್ಡಿಯಾಗುವುದನ್ನು ಸಹ ಒಂದು ದೋಷವೆಂದು ಎಣಿಸುತ್ತಾರೆ. ಆದರೆ ವಿನೋದವು ವ್ಯಕ್ತಿಗೆ, ಕಾಲಕ್ಕೆ, ಸ್ಥಳಕ್ಕೆ ತಕ್ಕದ್ದಾಗಿರಬೇಕೆಂಬ ಎಚ್ಚರಿಕೆಯನ್ನೂ ಜೊತೆಗಿಡುತ್ತಾರೆ. ಆ ‘ತಕ್ಕದ್ದು’ ಎಂಬ ಮಾತಿನಲ್ಲೇ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ.

ಡಬ್ಬಿಯ ಹಣ

ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವನ್ನು ನಾವು ಅಷ್ಟಾಗಿ ಓದುವುದಿಲ್ಲ. ವರ್ಷದ ಬೆಳೆಯಲ್ಲಿ ಹತ್ತನೆಯ ಒಂದು ಪಾಲನ್ನು ಎತ್ತಿಡಬೇಕು. ದೇವರು ಆರಿಸಿಕೊಂಡ ಸ್ಥಳ ದೂರವಾದರೆ ಅದನ್ನು ಹಣ ಮಾಡಿಕೊಂಡು ಅಲ್ಲಿಗೆ ಹೋಗಬೇಕು. ಮನಸ್ಸಿಗೆ ಇಷ್ಟವಾದುದನ್ನು ಕೊಂಡು, ದೇವರ ಸನ್ನಿಧಿಯಲ್ಲಿ ಮನೆಮಂದಿಯೊಡನೆ ಉಂಡು ಸಂತೋಷಪಡಬೇಕು ಎಂದಿದೆ ಅಲ್ಲಿ. ಕುಟುಂಬ ಸಮೇತ ಪಟ್ಟಣಕ್ಕೆ ಹೋಗಿಬರಲು ಮೊದಲೇ ಹಣ ಕೂಡಿಡಿ ಎಂದು ಧರ್ಮಶಾಸ್ತ್ರವೇ ಹೇಳಿದ ಹಾಗಾಯಿತು! ಅದೇ ಉಸಿರಿನಲ್ಲಿ, ನಿಮ್ಮೂರಿನ ಲೇವಿಯನನ್ನು ಮರೆಯಬೇಡಿ. ಮೂರನೆಯ ವರ್ಷದ ಪಾಲು ಪರದೇಶಿ, ಅನಾಥ, ವಿಧವೆಯರಿಗೂ ಸೇರಬೇಕು ಎಂದೂ ಇದೆ. ಸಂತೋಷ ಮತ್ತು ದಾನ ಒಂದೇ ಬುಟ್ಟಿಯಿಂದ ಬರುತ್ತವೆ. ಒಂದು ಇನ್ನೊಂದನ್ನು ನುಂಗಬಾರದು.

ಗಮನಿಸಿ, ಕೂಡಿಟ್ಟ ಹಣದಿಂದ ಹೋಗಿ ಎಂದಿದೆ, ಸಾಲ ತಂದು ಹೋಗಿ ಎಂದಿಲ್ಲ. ಸಾಲ ಮಾಡಿ ಹೋದವನು ಪ್ರತಿ ಗಂಟೆಯಿಂದಲೂ ಹಣದ ಬೆಲೆಯಷ್ಟು ಸಂತೋಷ ವಸೂಲು ಮಾಡಲು ನೋಡುತ್ತಾನೆ. ಮಗು ನಿಂತರೆ ನಷ್ಟ, ಮಳೆ ಬಂದರೆ ನಷ್ಟ. ಆ ಸಂಜೆಯ ಏಟಿನಲ್ಲಿ ತಂದೆಯ ಕೋಪದ ಪಾಲು ಎಷ್ಟೋ, ಸಾಲದ ಪಾಲೂ ಅಷ್ಟೇ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಜಿಪುಣತನದಿಂದಲ್ಲ.

ಕೈಗೆಟಕುವಷ್ಟರಲ್ಲಿ ಮಾಡಿದರೆ ನಾಲ್ಕು ಜನ ಏನೆಂದಾರು ಎಂಬ ನಾಚಿಕೆ ಬೇಡ. ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ ಮರಿಯಮ್ಮ ಮತ್ತು ಜೋಸೆಫರು ಕುರಿಮರಿಯನ್ನು ಅರ್ಪಿಸಲಿಲ್ಲ. ಬಡವರಿಗೆಂದು ಶಾಸ್ತ್ರವೇ ಬಿಟ್ಟುಕೊಟ್ಟಿದ್ದ ಜೋಡಿ ಹಕ್ಕಿಗಳ ಕಾಣಿಕೆ ಅವರದು. ಪವಿತ್ರ ಕುಟುಂಬವೇ ತನ್ನ ಕೈಲಾದಷ್ಟರಲ್ಲಿ ನೆರವೇರಿಸಿದ್ದನ್ನು ನಾವು ಕೀಳೆಂದು ಭಾವಿಸುವುದೇ?

ಯಕೋಬನ ಜಾಣ್ಮೆ

ಹಣದ ಅಳತೆಗಿಂತ ಮುಖ್ಯವಾದ ಇನ್ನೊಂದು ಅಳತೆಯಿದೆ. ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಅಣ್ಣ ಏಸಾವನು ಯಕೋಬನಿಗೆ ಜೊತೆಯಾಗಿ ಹೊರಡೋಣ ಎನ್ನುತ್ತಾನೆ. ಯಕೋಬನು ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಮಂದೆಯಲ್ಲಿ ಹಾಲೂಡಿಸುವ ತಾಯಿಗಳಿವೆ, ಒಂದೇ ದಿನ ಅವಸರಪಡಿಸಿದರೂ ಸಾಯುತ್ತವೆ. ನೀನು ಮುಂದೆ ನಡೆ, ನಾನು ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಎನ್ನುತ್ತಾನೆ. ಅಣ್ಣನ ವಿಷಯದಲ್ಲಿ ಯಕೋಬನಿಗೆ ಬೇರೆ ಅಳುಕುಗಳೂ ಇದ್ದಿರಬಹುದು. ಆದರೂ ಆ ಮಾತು ಪ್ರತಿಯೊಬ್ಬ ತಂದೆತಾಯಿಗೂ ಪಾಠ. ಕುಟುಂಬದಲ್ಲಿ ಎಲ್ಲರಿಗಿಂತ ಚಿಕ್ಕವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಇದು ಪ್ರವಾಸದ ಉಪಾಯವಷ್ಟೇ ಅಲ್ಲ, ನ್ಯಾಯದ ಮಾತು. ನಡೆಯಬಲ್ಲವನು ನಡೆಯಲಾರದವನಿಗಾಗಿ ನಿಲ್ಲಬೇಕು. ಮಗು ಅದನ್ನು ಮನೆಯಲ್ಲಿ ಕಲಿಯದಿದ್ದರೆ, ಮುಂದೆ ಮುಪ್ಪಿನಲ್ಲಿ ನಮಗಾಗಿ ನಿಲ್ಲುವವರಾರು?

ಆ ತಂದೆ ಮತ್ತು ನಾನು ಜಗಲಿಯ ಮೇಲೆ ಕುಳಿತು ಲೆಕ್ಕ ಹಾಕಿದೆವು. ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ದಿನಗೂಲಿಯವರು ಬಸ್ ಚಾರ್ಜಿಗಿಂತ ಮೊದಲು ಬರೆದುಕೊಳ್ಳಬೇಕಾದದ್ದು ತಪ್ಪಿಹೋಗುವ ಕೂಲಿ. ಆದ್ದರಿಂದ ಭಾನುವಾರ ಮತ್ತು ಸೋಮವಾರವನ್ನು ಆರಿಸಿದೆವು. ಹೋಗುವುದು ಒಂದು ದಿನದ ಕೂಲಿ ಮಾತ್ರ. ಮೈಸೂರಿಗೂ ಇದೇ ಹೊಂದುತ್ತದೆ. ಅರಮನೆಯ ದೀಪಾಲಂಕಾರವಿರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ಮೃಗಾಲಯಕ್ಕೆ ವಾರದ ರಜೆ ಮಂಗಳವಾರ. ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. 2023ರ ಜೂನ್ 11ರಿಂದ ನಮ್ಮ ರಾಜ್ಯದ ಮಹಿಳೆಯರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆಧಾರ್ ಕಾರ್ಡ್ ಜೊತೆಗಿದ್ದರೆ ಸಾಕು. ನಾಲ್ಕು ವರ್ಷದ ಮಗನಿಗೂ ಟಿಕೆಟ್ ಇಲ್ಲ. ನಾಲ್ವರಲ್ಲಿ ಟಿಕೆಟ್ ತೆಗೆಯಬೇಕಾದವರು ತಂದೆ ಒಬ್ಬರೇ!

ತಂಗಲು ಊರಾಚೆ ಅಗ್ಗದ ಕೋಣೆ ಹುಡುಕಿ ಆಟೋಗೆ ಹಣ ಸುರಿಯುವುದಕ್ಕಿಂತ, ಬಸ್ ನಿಲ್ದಾಣಕ್ಕೆ ಹತ್ತಿರದ ಸಾದಾ ಲಾಡ್ಜ್ ಮೇಲು. ಮಧ್ಯಾಹ್ನ ಮಕ್ಕಳು ಎರಡು ಗಂಟೆ ಮಲಗಿದರೆ ಸಂಜೆ ಇಡೀ ಮನೆ ನಗುನಗುತ್ತಿರುತ್ತದೆ. ಮೊದಲ ದಿನದ ಊಟ ಮನೆಯ ಬುತ್ತಿಯಲ್ಲೇ ಆಗಲಿ. ಪುಳಿಯೋಗರೆ, ಚಪಾತಿ ಕೆಡುವುದಿಲ್ಲ.

ದಿನಕ್ಕೆ ಒಂದೇ ದೊಡ್ಡ ನೋಟ ಸಾಕು. ಭಾನುವಾರ ಬೆಳಗಿನ ಮೊದಲ ಪೂಜೆ ಊರಲ್ಲೇ ಮುಗಿಸಿ ಹೊರಟರೆ, ಮಧ್ಯಾಹ್ನ ವಿಶ್ರಾಂತಿ. ಸಂಜೆ ಸಂತ ಫಿಲೋಮಿನಾ ಪ್ರಧಾನಾಲಯ. 1933ರಲ್ಲಿ ಅದಕ್ಕೆ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 175 ಅಡಿ ಎತ್ತರದ ಆ ಜೋಡಿ ಗೋಪುರಗಳನ್ನು ಕತ್ತೆತ್ತಿ ನೋಡುವುದೇ ಮಕ್ಕಳಿಗೆ ಒಂದು ಆಟ. ಬೇರೆ ಧರ್ಮದ ಅರಸರೊಬ್ಬರು ನಮ್ಮ ದೇವಾಲಯಕ್ಕೆ ಕಲ್ಲಿಟ್ಟರು ಎಂಬುದನ್ನು ಅಲ್ಲೇ ನಿಂತು ಅವರಿಗೆ ಹೇಳಿ. ಆಮೇಲೆ ಅರಮನೆಯ ದೀಪಗಳು, ಸುಮಾರು ಒಂದು ಲಕ್ಷ. ಹೊರಗೆ ನಿಂತು ನೋಡಿದರೂ ಬೆಳಕು ಅಷ್ಟೇ. ಸೋಮವಾರ ಬೆಳಿಗ್ಗೆ, ಬಿಸಿಲೇರುವ ಮುನ್ನ, ಬಾಗಿಲು ತೆರೆಯುವ ಹೊತ್ತಿಗೇ ಮೃಗಾಲಯ. 1892ರಲ್ಲಿ ಆರಂಭವಾದ ಅದು ಬಲು ವಿಶಾಲ. ಎಲ್ಲ ಪ್ರಾಣಿಗಳನ್ನೂ ನೋಡಿಯೇ ತೀರಬೇಕೆಂಬ ಹರಕೆಯೇನಿಲ್ಲ. ಮಗು ಜಿರಾಫೆಯ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ. ಊಟ ಮುಗಿಸಿ ಬಸ್ಸು ಹತ್ತಿದರೆ ಸಂಜೆಗೆ ಮನೆ. ಬೆಟ್ಟ, ಬೃಂದಾವನ ಇನ್ನೊಂದು ವರ್ಷಕ್ಕೆ ಇರಲಿ. ಬಿಟ್ಟುಬರಲು ಕಲಿಯುವುದೂ ಒಂದು ತಪಸ್ಸೇ.

ಕಳೆದುಹೋದ ಮಗು

ಸಂತ ಲೂಕರು ಹೇಳುವ ಪ್ರಕಾರ ಪವಿತ್ರ ಕುಟುಂಬವು ಪ್ರತಿವರ್ಷ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿತ್ತು. ಯೇಸುವಿಗೆ ಹನ್ನೆರಡು ವರ್ಷವಾದಾಗ, ಮಗ ಗುಂಪಿನಲ್ಲಿದ್ದಾನೆಂದು ತಿಳಿದು ಒಂದು ದಿನದ ದಾರಿ ನಡೆದುಬಿಟ್ಟರು. ಸಿಕ್ಕಿದ್ದು ಮೂರು ದಿನಗಳ ಮೇಲೆ. ಅಷ್ಟು ಎಚ್ಚರದ ತಂದೆತಾಯಿಗಳಿಗೇ ಜಾತ್ರೆಯ ಜನದಲ್ಲಿ ಮಗು ತಪ್ಪಿತು. ಆದ್ದರಿಂದ ಮಕ್ಕಳ ಜೇಬಿನಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ ಇರಲಿ. ಒಬ್ಬೊಬ್ಬ ಮಗು ಯಾರ ಕೈಯಲ್ಲಿ ಎಂಬುದು ಮೊದಲೇ ನಿಶ್ಚಯವಾಗಲಿ.

ಇನ್ನೂ ಒಂದನ್ನು ಗಮನಿಸಿ. ಮೂರು ದಿನ ಸಂಕಟಪಟ್ಟ ತಾಯಿ ಮಗನನ್ನು ಕಂಡೊಡನೆ ತನ್ನ ನೋವನ್ನು ಮುಚ್ಚಿಡಲಿಲ್ಲ. ಹೀಗೇಕೆ ಮಾಡಿದೆ ಎಂದು ಕೇಳಿದಳು. ಮಗ ಉತ್ತರಿಸಿದ. ಆ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ಆಕೆ ಅದನ್ನೆಲ್ಲ ಹೃದಯದಲ್ಲಿಟ್ಟುಕೊಂಡಳು. ಕೇಳುವುದಕ್ಕೂ ಹೊಡೆಯುವುದಕ್ಕೂ ನಡುವೆ ಇರುವ ಅಂತರ ಇಷ್ಟೇ: ಕೇಳಿದವನು ಉತ್ತರಕ್ಕಾಗಿ ಕಾಯುತ್ತಾನೆ.

ಆ ತಂದೆಗೆ ನಾನು ಒಂದು ಮಾತು ಹೇಳಿದೆ. “ಹೋಗುವ ಮುಂಚೆ ಮಗಳ ಹತ್ತಿರ ಕ್ಷಮೆ ಕೇಳಪ್ಪ. ಟೂರು ಕ್ಷಮೆಯ ಬದಲಿಗೆ ಆಗಬಾರದು.” ಆಟಿಕೆ, ಐಸ್‌ಕ್ರೀಮ್, ಪ್ರವಾಸಗಳಿಂದ ಮಕ್ಕಳ ಬಾಯಿ ಮುಚ್ಚಿಸುವ ದೊಡ್ಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರು ಬಹಳ ಹೊತ್ತು ತಲೆತಗ್ಗಿಸಿ ಕುಳಿತಿದ್ದು, ಆಗಲಿ ಎಂದರು. ಅನಂತರ ಅವರ ಪತ್ನಿಯನ್ನು ಕಂಡು ನಾನೂ ಕ್ಷಮೆ ಕೇಳಿದೆ. “ನಿಮಗೆ ಹೇಳಿದ್ದಲ್ಲಮ್ಮ ಅದು,” ಎಂದೆ. ಆಕೆ, “ಹಾಗಾದ್ರೆ ಮುಂದಿನ ಸಲ ಯಾರಿಗೆ ಅಂತ ಹೇಳ್ಬಿಡಿ ಫಾದರ್,” ಎಂದರು. ಈಗ ಪ್ರಬೋಧನೆ ಸಿದ್ಧಮಾಡುವಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಮೇ ತಿಂಗಳಲ್ಲಿ ಅವರು ಹೋಗಿ ಬಂದರು. ಡಬ್ಬಿಯ ಹಣದಲ್ಲಿ ಸ್ವಲ್ಪ ಉಳಿಯಿತು. ಪಕ್ಕದ ಮನೆಯ ಒಂಟಿ ಅಜ್ಜಿಗೆ ಅರ್ಧ ಕಿಲೋ ಮೈಸೂರು ಪಾಕ್ ತಂದರು. ಅವರ ಊರಿನ ಲೇವಿಯ ಆಕೆಯೇ ಇರಬೇಕು.

ದೀಪ ನೋಡಲು ಲಾಡ್ಜಿನಿಂದ ಹೊರಡುವಾಗ ಮಗಳು ತಂದೆಯ ಕೈ ಹಿಡಿದು, “ಅಪ್ಪಾ, ಕಾಲು ನೋವಾದ್ರೆ ಹೇಳ್ಬಹುದಾ?” ಎಂದು ಕೇಳಿದಳಂತೆ. “ಹೇಳು ಮಗಳೇ,” ಎಂದರಂತೆ ತಂದೆ. ಅರ್ಧ ದಾರಿಯಲ್ಲಿ ಅವಳು ಹೇಳಿದಳು. ನಾಲ್ವರೂ ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತರು. ಅವರು ಅಲ್ಲಿಗೆ ತಲುಪುವಷ್ಟರಲ್ಲಿ ದೀಪ ಹತ್ತಿ ಸ್ವಲ್ಪ ಹೊತ್ತಾಗಿತ್ತು. ಯಾರೂ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.